ಸ್ಪಿಟಿ ಕಣಿವೆಗೆ ಎರಡು ಸಲ: ಗುಂಪಿನ ಟೆಂಪೋ ಟ್ರಾವೆಲರ್ರಾ, ನಮ್ಮದೇ ಬಾಡಿಗೆ ಕಾರಾ?

ಮೊದಲೇ ಹೇಳಿಬಿಡುತ್ತೇನೆ. ಹಿಮಾಚಲದ ಕಿನ್ನೌರ್, ಸ್ಪಿಟಿ ಕಡೆ ಹೋಗುವುದಾದರೆ ಆ ಕಡೆಯ ಡ್ರೈವರ್ ಇರುವ ಕಾರನ್ನೇ ಬಾಡಿಗೆಗೆ ಹಿಡಿಯಿರಿ. ಶಿಮ್ಲಾ ಕಡೆಯಿಂದ ಹತ್ತಿ, ಮನಾಲಿ ಕಡೆ ಇಳಿಯಿರಿ. ಎರಡು ಸಲ ಹೋಗಿ, ಅದರಲ್ಲಿ ಒಂದು ಸಲ ದುಡ್ಡು ಕೊಟ್ಟು ನರಳಿ ಬಂದ ಮೇಲೆ ಹೇಳುತ್ತಿರುವ ಮಾತು ಇದು.

ನಾವು ಮೈಸೂರಿನ ಕುವೆಂಪುನಗರದವರು. ನಾನು ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿದ್ದವಳು, ನಮ್ಮನೆಯವರು ಬ್ಯಾಂಕಿನಲ್ಲಿದ್ದರು. ಇಬ್ಬರೂ ನಿವೃತ್ತರಾದ ಮೇಲೆ, 2022ರ ಆಗಸ್ಟಿನಲ್ಲಿ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲಿ ಹೋದೆವು. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್, ಚಂಡೀಗಢದಿಂದ ಚಂಡೀಗಢಕ್ಕೆ ಏಳು ರಾತ್ರಿ, ತಲೆಗೆ 31,500 ರೂಪಾಯಿ. ಎರಡನೇ ಸಲ 2024ರ ಸೆಪ್ಟೆಂಬರಿನಲ್ಲಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ವಾಕಿಂಗಿಗೆ ಸಿಗುವ ಇನ್ನೊಂದು ಜೋಡಿಯ ಜೊತೆ ಸೇರಿ ನಾಲ್ಕೇ ಜನ. ಕಿನ್ನೌರಿನ ಡ್ರೈವರ್ ಒಬ್ಬನ ಕಾರು, ಒಂಬತ್ತು ರಾತ್ರಿ.

ಊಟ, ಹೋಟೆಲ್, ಗಾಡಿಯ ಸೀಟು ಇದರಲ್ಲೆಲ್ಲ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡೂ ಕಡೆ ಅನ್ನ, ಬೇಳೆ, ರಾಜ್ಮಾ, ಚಪಾತಿ ಸಿಕ್ಕಿತು. ವ್ಯತ್ಯಾಸ ಇದ್ದದ್ದು ಎತ್ತರದಲ್ಲಿ, ಗಾಳಿ ತೆಳುವಾಗುವ ಆ ಎತ್ತರಕ್ಕೆ ಮೈ ಒಗ್ಗಲು ಸಿಕ್ಕ ಸಮಯದಲ್ಲಿ. ಅದನ್ನೇ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬುಕ್ ಮಾಡುವಾಗ ಅದನ್ನು ನಮಗೆ ಯಾರೂ ಹೇಳಲಿಲ್ಲ.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟ ಹತ್ತಿದರೂ ಸಾವಿರದ ಚಿಲ್ಲರೆ. ಮನಾಲಿ 2,050ರ ಹತ್ತಿರ. ಅಲ್ಲಿ ಒಂದು ರಾತ್ರಿ ಮಲಗಿಸಿ, ಮಾರನೇ ದಿನ ಬೆಳಗಿನ ಜಾವ ನಮ್ಮನ್ನು ಹೊರಡಿಸಿದರು. ಅಟಲ್ ಸುರಂಗ ದಾಟಿ, ಗ್ರಾಂಫು, ಛತ್ರು, ಬಾತಲ್ ಹಾದು, 4,500 ಮೀಟರಿಗೂ ಮೇಲಿರುವ ಕುಂಜುಮ್ ಪಾಸ್ ಹತ್ತಿ, ಸಂಜೆ ಹೊತ್ತಿಗೆ ಸ್ಪಿಟಿಯ ಮುಖ್ಯ ಊರಾದ ಕಾಜಾಕ್ಕೆ ಬಂದೆವು. ಸುಮಾರು 200 ಕಿಲೋಮೀಟರ್ ದಾರಿಗೆ ಹನ್ನೊಂದು ಗಂಟೆ ಹಿಡಿಯಿತು. ಗ್ರಾಂಫುವಿನಿಂದ ಆಚೆಗೆ ರಸ್ತೆ ಅನ್ನುವ ಹಾಗೆ ಏನೂ ಇರಲಿಲ್ಲ. ಕಲ್ಲು, ನೀರು, ಮತ್ತೆ ಕಲ್ಲು. ಕಾಜಾ ಇರುವುದು 3,700 ಮೀಟರ್ ಆಸುಪಾಸಿನಲ್ಲಿ. ಅಂದರೆ ನಿನ್ನೆ ಮಲಗಿದ್ದ ಜಾಗಕ್ಕಿಂತ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಎತ್ತರದಲ್ಲಿ ಇವತ್ತು ಮಲಗಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಅನ್ನುವುದು ವೈದ್ಯರು ಹೇಳುವ ಲೆಕ್ಕ. ಅದು ನನಗೆ ಗೊತ್ತಾಗಿದ್ದು ಮೈಸೂರಿಗೆ ವಾಪಸ್ ಬಂದ ಮೇಲೆ.

ರಾತ್ರಿ ಹತ್ತು ಗಂಟೆಗೆ ನಮ್ಮನೆಯವರಿಗೆ ತಲೆನೋವು ಶುರುವಾಯಿತು. ತಲೆಗೆ ಹಗ್ಗ ಕಟ್ಟಿ ಬಿಗಿಯುತ್ತಿರುವ ಹಾಗಿದೆ ಅಂದರು. ಹನ್ನೊಂದಕ್ಕೆ ವಾಂತಿ. ಟೂರ್ ಮ್ಯಾನೇಜರ್‌ನನ್ನು ಎಬ್ಬಿಸಿದೆ. 'ಎಲ್ರಿಗೂ ಆಗುತ್ತೆ ಮೇಡಂ, ಕರ್ಪೂರ ಮೂಸಿ' ಅಂದ. ಕರ್ಪೂರದ ಗಂಟನ್ನು ಮೂಗಿಗೆ ಹಿಡಿದುಕೊಂಡೇ ಅವರು ರಾತ್ರಿಯಿಡೀ ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಗ್ಗೆ ಪಕ್ಕದ ರೂಮಿನವರೊಬ್ಬರು ಬೆರಳಿಗೆ ಹಾಕುವ ಆಕ್ಸಿಮೀಟರ್ ತಂದು ಕೊಟ್ಟರು. ರಕ್ತದಲ್ಲಿ ಆಕ್ಸಿಜನ್ 78 ತೋರಿಸಿತು, ತೀರಾ ಕಡಿಮೆ. ಆ ಎರಡು ಅಂಕಿ ನೋಡಿದಾಗ ನನ್ನ ಕೈಕಾಲು ತಣ್ಣಗಾಯಿತು. ಕಾಜಾದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಕ್ಸಿಜನ್ ಹಾಕಿಸಿದೆ. ಇವತ್ತು ಅಲ್ಲಾಡಬೇಡಿ, ಕಡಿಮೆಯಾಗದಿದ್ದರೆ ಕೆಳಗಿನ ಊರಿಗೆ ಇಳಿದುಬಿಡಿ ಅಂತ ಡಾಕ್ಟರ್ ಹೇಳಿದರು.

ಇಳಿಯುವುದು ಹೇಗೆ? ಗಾಡಿ ಹನ್ನೆರಡು ಜನರದ್ದು. ಉಳಿದ ಹತ್ತು ಜನರೂ ದುಡ್ಡು ಕೊಟ್ಟವರೇ, ಅವರಿಗೂ ಊರು ನೋಡಬೇಕು. ಅವರನ್ನು ನಾನು ದೂರುವುದಿಲ್ಲ. ಅವತ್ತು ಕೀ ಬೌದ್ಧ ಮಠ, ಕಿಬ್ಬರ್, ಮಾರನೇ ದಿನ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳು ಅಂತ ಹಾಳೆಯಲ್ಲಿ ಅಚ್ಚಾಗಿತ್ತು. ಹಾಳೆಯಲ್ಲಿ ಇದ್ದ ಹಾಗೇ ಗಾಡಿ ಹೋಯಿತು. ನಾವಿಬ್ಬರು ಎರಡು ದಿನ ಹೋಟೆಲ್ ರೂಮಿನ ಕಿಟಕಿಯಿಂದ ಸ್ಪಿಟಿ ನದಿ ನೋಡಿಕೊಂಡು ಕೂತೆವು. ಮೂರನೇ ದಿನ ಅವರು ಸುಧಾರಿಸಿಕೊಂಡರು, ಆದರೆ ಅಷ್ಟರಲ್ಲಿ ವಾಪಸ್ ಹೊರಡುವ ಹೊತ್ತು. ಹೋಗುವಾಗ ದಾರಿಯಲ್ಲಿ ಕೀ ಮಠಕ್ಕೆ ನಲವತ್ತು ನಿಮಿಷ ಬಿಟ್ಟರು. ಅದೂ ನಾನು ಕೇಳಿಕೊಂಡದ್ದಕ್ಕೆ.

ಎರಡನೇ ಸಲ ಲೆಕ್ಕ ಹಾಕಿಯೇ, ನಿಧಾನಕ್ಕೆ ಎತ್ತರ ಏರುವ ಶಿಮ್ಲಾ ಕಡೆಯಿಂದ ಹೊರಟೆವು. ನಾರ್ಕಂಡಾದಲ್ಲಿ ಒಂದು ರಾತ್ರಿ, ಕಲ್ಪಾದಲ್ಲಿ ಎರಡು. ಆಮೇಲೆ 3,660 ಮೀಟರ್ ಎತ್ತರದ ನಾಕೋ ಒಂದು ರಾತ್ರಿ. ಕಲ್ಪಾದಿಂದ ನಾಕೋಗೆ ಏರುವುದು ಆ ಐನೂರರ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ. ಅದಕ್ಕೇ ಕಲ್ಪಾದಲ್ಲಿ ಒಂದು ದಿನ ಹೆಚ್ಚಿಗೆ ಇದ್ದೆವು, ಮತ್ತೆ ನಾಕೋಗಿಂತ ಕೆಳಗಿರುವ ತಾಬೋಗೆ ಇಳಿದು ಮಲಗಿದೆವು. ಆಮೇಲೆ ಕಾಜಾ ಎರಡು ರಾತ್ರಿ, ಲಾಂಗ್ಜಾ ಒಂದು, ಕೊನೆಗೆ ಕುಂಜುಮ್ ದಾಟಿ ಮನಾಲಿ. ನಾಲ್ಕೂ ಜನ ಐವತ್ತೈದು ದಾಟಿದವರು. ನನಗೆ ನಾಕೋದಲ್ಲಿ ಸ್ವಲ್ಪ ತಲೆ ಭಾರ ಇದ್ದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮೈಸೂರಿನ ನಮ್ಮ ಡಾಕ್ಟರ್ ಎತ್ತರದಿಂದ ಬರುವ ಕಾಯಿಲೆ ತಡೆಯಲು ಡೈಮಾಕ್ಸ್ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ಸುಮ್ನೆ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಡಿ. ಸಲ್ಫಾ ಔಷಧಿ ಆಗದವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಅದೇ ಕುಂಜುಮ್ ಪಾಸ್, ಅದೇ ಕಲ್ಲಿನ ರಸ್ತೆ. ಆದರೆ ಎಂಟು ರಾತ್ರಿ ಕಳೆದು ಮೈ ಒಗ್ಗಿದ ಮೇಲೆ, ಇಳಿಯುವ ದಿಕ್ಕಿನಲ್ಲಿ ಬಂದಾಗ ಅದು ಬೇರೆಯೇ ಜಾಗ ಅನ್ನಿಸಿತು. ಮೊದಲ ಸಲ ಅಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಇನ್ನು ಹಳ್ಳಿಗಳ ವಿಷಯ. ಕಿನ್ನೌರ್ ಜಿಲ್ಲೆಯೂ ಲಾಹೌಲ್ ಸ್ಪಿಟಿ ಜಿಲ್ಲೆಯೂ ಸಂವಿಧಾನದ ಐದನೇ ಶೆಡ್ಯೂಲಿಗೆ ಸೇರಿದ ಬುಡಕಟ್ಟು ಪ್ರದೇಶಗಳು. ಪ್ಯಾಕೇಜಿನ ಹಾಳೆಯಲ್ಲಿ 'ಬುಡಕಟ್ಟು ಹಳ್ಳಿ ದರ್ಶನ' ಅಂತ ಬರೆದಿದ್ದರು. ಆ ದರ್ಶನ ಹೇಗಿತ್ತು ಅಂತ ಆಮೇಲೆ ನಮ್ಮ ಗುಂಪಿನವರೇ ಫೋಟೋ ತೋರಿಸಿದರು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, ಬಾಗಿಲಲ್ಲಿ ನಿಂತ ಮಗು, ಯಾರದೋ ಒಲೆ. ಅವರನ್ನು ಕೇಳಿ ತೆಗೆದಿದ್ದಾ ಅಂದರೆ, ಇಪ್ಪತ್ತು ನಿಮಿಷದಲ್ಲಿ ಯಾರನ್ನು ಕೇಳೋದು ಅಂದರು. ನಮ್ಮ ಬೀದಿಗೆ ಒಂದು ವ್ಯಾನ್ ಬಂದು ನಿಂತು, ಹನ್ನೆರಡು ಜನ ಇಳಿದು ನಮ್ಮ ಅಡುಗೆಮನೆ ಕಿಟಕಿಗೆ ಕ್ಯಾಮೆರಾ ಹಿಡಿದರೆ ನನಗೆ ಹೇಗಾಗುತ್ತದೆ? ಇದು ನನ್ನನ್ನು ಬಹಳ ದಿನ ಕಾಡಿತು. ಎರಡನೇ ಸಲ ಲಾಂಗ್ಜಾದಲ್ಲಿ ರಾತ್ರಿ ಉಳಿಯಲೇಬೇಕು ಅಂತ ಹಟ ಹಿಡಿದದ್ದೂ ಅದಕ್ಕೇ.

ಲಾಂಗ್ಜಾ 4,400 ಮೀಟರ್ ಆಸುಪಾಸಿನಲ್ಲಿರುವ ಸಣ್ಣ ಹಳ್ಳಿ. ದೊಡ್ಡ ಬುದ್ಧ ಕಣಿವೆ ಕಡೆ ಮುಖ ಮಾಡಿ ಕೂತಿದ್ದಾನೆ. ನಾವು ಉಳಿದ ಮನೆ ನಮ್ಮ ಡ್ರೈವರಿಗೆ ಗುರುತಿದ್ದವರದ್ದು. ಒಳಗೆ ಹೋಗುವ ಮೊದಲು ಆತ ನಮಗೆ ಎರಡೇ ಮಾತು ಹೇಳಿದ: 'ಆಂಟೀಜೀ, ಫೋಟೋಗೆ ಮೊದಲು ಕೇಳಿ. ಅವರು ಕೊಟ್ಟ ಚಹಾ ಬೇಡ ಅನ್ನಬೇಡಿ.' ಅಡುಗೆಮನೆಯ ನಡುವೆ ತಗಡಿನ ಒಲೆ. ಅದಕ್ಕೆ ಮನೆಯಾಕೆ ಹಾಕುತ್ತಿದ್ದದ್ದು ನಮ್ಮ ಹಳ್ಳಿಗಳ ಹಾಗೇ ಬೆರಣಿ. ಉಪ್ಪು, ಬೆಣ್ಣೆ ಹಾಕಿದ ಚಹಾ ಬಟ್ಟಲಿಗೆ ಬಿತ್ತು. ಅದಕ್ಕೆ ಆಕೆ ಒಂದು ಹಿಡಿ ಹುರಿದ ಬಾರ್ಲಿ ಹಿಟ್ಟು ಹಾಕಿ, ಎಡಗೈಯಲ್ಲಿ ಬಟ್ಟಲು ತಿರುಗಿಸುತ್ತಾ ಬಲಗೈ ಬೆರಳಿನಲ್ಲಿ ಒತ್ತಿ ಒತ್ತಿ ಕಲೆಸಿದರು. ಒಂದು ನಿಮಿಷದಲ್ಲಿ ಉಂಡೆ ಆಯಿತು. ಸಾಂಪಾ ಅಂತಾರೆ. ನಾನು ಬ್ಯಾಗಿನಿಂದ ರಾಗಿ ಹುರಿಹಿಟ್ಟಿನ ಡಬ್ಬಿ ತೆಗೆದೆ. ಆಕೆ ಮೂಸಿ ನೋಡಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ತಮ್ಮ ಅತ್ತೆಯನ್ನು ಕೂಗಿ ಕರೆದರು. ಆಮೇಲೆ ಅರ್ಧ ಗಂಟೆ ಮಾತೆಲ್ಲ ಕೈಸನ್ನೆಯಲ್ಲೇ, ಮಧ್ಯೆ ಮಧ್ಯೆ ಡ್ರೈವರಿನ ಹಿಂದಿ. ಬಾರ್ಲಿ ಕೊಯ್ಲು ಮುಗಿಯುತ್ತಾ ಬಂದಿದೆ, ಹಸಿ ಬಟಾಣಿ ಆಗಲೇ ಲಾರಿಯಲ್ಲಿ ಕೆಳಗೆ ಹೋಯಿತು, ಬಯಲುಸೀಮೆಯಲ್ಲಿ ಬಟಾಣಿ ಇಲ್ಲದ ಕಾಲಕ್ಕೆ ಇಲ್ಲಿಯದು ಬರುವುದರಿಂದ ಒಳ್ಳೇ ರೇಟು ಅಂತ ಹೇಳಿದರು. ಅಲ್ಲಿ ಹೊಲದ ಬದುವಿನಲ್ಲಿ ಸಮುದ್ರದ ಸುರುಳಿ ಶಂಖದ ಗುರುತಿರುವ ಪಳೆಯುಳಿಕೆ ಕಲ್ಲುಗಳು ಸಿಗುತ್ತವೆ. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರ ಇತ್ತು, ಅದಕ್ಕೆ. ಮಕ್ಕಳು ಮಾರಲು ತರುತ್ತಾರೆ. ದಯವಿಟ್ಟು ಕೊಳ್ಳಬೇಡಿ, ನೋಡಿ ಅಲ್ಲೇ ಬಿಟ್ಟು ಬನ್ನಿ.

ನಮ್ಮದೇ ಗಾಡಿ ಇದ್ದದ್ದಕ್ಕೆ ಸಿಕ್ಕ ಇನ್ನೊಂದು ಬೆಳಗ್ಗೆಯನ್ನು ಹೇಳಲೇಬೇಕು. ಕೀ ಮಠದಲ್ಲಿ ಈ ಸಲ ಮೂರು ಗಂಟೆ ಕೂತಿದ್ದೆವು. ವಯಸ್ಸಾದ ಲಾಮಾ ಒಬ್ಬರು ಎಲ್ಲಿಂದ ಬಂದಿರಿ ಅಂತ ಹಿಂದಿಯಲ್ಲಿ ಕೇಳಿದರು. ಮೈಸೂರು ಅಂದೆ. ಅವರು ಕಣ್ಣರಳಿಸಿ ಕನ್ನಡದಲ್ಲಿ 'ಊಟ ಆಯ್ತಾ?' ಅಂದರು. ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ ಓದಿದವರಂತೆ. ಈ ವರ್ಷ ಪಿರಿಯಾಪಟ್ಟಣದ ಕಡೆ ಮಳೆ ಹೇಗೆ, ಮುಸುಕಿನ ಜೋಳ ಬಂತಾ ಅಂತ ವಿಚಾರಿಸಿದರು. 4,166 ಮೀಟರ್ ಎತ್ತರದಲ್ಲಿ ಕೂತು ಪಿರಿಯಾಪಟ್ಟಣದ ಜೋಳದ ಮಾತಾಡಿದೆವು. ನನ್ನ ಕಣ್ಣಲ್ಲಿ ನೀರು ಬಂತು. ನಲವತ್ತು ನಿಮಿಷದ ಭೇಟಿಯಲ್ಲಿ ಅವರು ಎದುರಾಗುತ್ತಲೇ ಇರಲಿಲ್ಲ.

ತಾಬೋ ಮಠ ಪ್ಯಾಕೇಜಿನಲ್ಲಿ ಇರಲೇ ಇಲ್ಲ, ಮನಾಲಿಯಿಂದ ಬಂದು ಅದೇ ದಾರಿಯಲ್ಲಿ ವಾಪಸ್ ಹೋಗುವವರಿಗೆ ಅದು ದೂರ. 996ರಲ್ಲಿ ಕಟ್ಟಿದ್ದು, ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಕಾಲದ್ದು. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗಿನ ಮಬ್ಬಿನಲ್ಲಿ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬಿಡಬೇಕು. ಆಮೇಲೆ ಗೋಡೆಯ ಚಿತ್ರಗಳು ಒಂದೊಂದಾಗಿ ಕಾಣುತ್ತವೆ.

ಸರ್ಕಾರಿ ಬಸ್ಸಿನ ಬಗ್ಗೆ ಕೇಳುವವರು ಇದ್ದಾರೆ. ತಾಬೋದಿಂದ ಕಾಜಾಕ್ಕೆ ಗೆಳತಿ ಮತ್ತು ನಾನು ಬೇಕಂತಲೇ ಹಿಮಾಚಲ ಸಾರಿಗೆಯ ಬಸ್ಸಲ್ಲಿ ಹೋದೆವು. ಡ್ರೈವರುಗಳು ಪಳಗಿದವರು, ಟಿಕೆಟ್ ತೀರಾ ಅಗ್ಗ. ವಯಸ್ಸು ಮೂವತ್ತರ ಒಳಗಿದ್ದು, ಸಮಯ ಇದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ. ನಮ್ಮ ಮಂಡಿಗೆ ಆಗುವುದಿಲ್ಲ.

ತಾವೇ ಓಡಿಸಿಕೊಂಡು ಹೋಗುವ ಯೋಚನೆ ನಮ್ಮನೆಯವರಿಗೆ ಇತ್ತು. ಮಹದೇಶ್ವರ ಬೆಟ್ಟದ ಘಾಟಿಯಲ್ಲಿ ನಿರಾಯಾಸವಾಗಿ ಓಡಿಸುವವರು. ಖಾಬ್ ಹತ್ತಿರ, ಸ್ಪಿಟಿ ನದಿ ಸಟ್ಲೆಜ್‌ಗೆ ಸೇರುವ ಜಾಗದಲ್ಲಿ, ಒಂದೇ ಗಾಡಿ ಹಿಡಿಯುವ ರಸ್ತೆಯಲ್ಲಿ ಎದುರಿಗೆ ಲಾರಿ ಬಂತು. ನಮ್ಮ ಡ್ರೈವರ್ ಪ್ರಪಾತದ ಅಂಚಿನಲ್ಲಿ ನೂರು ಅಡಿ ಹಿಂದಕ್ಕೆ ತೆಗೆದ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ಕಾರಿಗೆ ಹತ್ತು ದಿನಕ್ಕೆ ಡೀಸೆಲ್, ಡ್ರೈವರ್ ಭತ್ಯೆ ಎಲ್ಲ ಸೇರಿ 62,000 ಕೊಟ್ಟೆವು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 15,500. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಉಳಿಯುವುದಕ್ಕೆ ತಲೆಗೆ ರಾತ್ರಿಗೆ ಸರಾಸರಿ 1,400ರಂತೆ ಒಂಬತ್ತು ರಾತ್ರಿಗೆ 12,600. ಮಧ್ಯಾಹ್ನದ ಊಟ, ಚಹಾ, ಅದೂ ಇದೂ ಅಂತ 4,000. ಒಟ್ಟು 32,100. ಪ್ಯಾಕೇಜಿಗಿಂತ 600 ರೂಪಾಯಿ ಜಾಸ್ತಿ, ಅದೂ ಎರಡು ರಾತ್ರಿ ಹೆಚ್ಚಿಗೆ ಇದ್ದು. ಆದರೆ ಇಬ್ಬರೇ ಹೋದರೆ ಕಾರಿನ ಪಾಲು 31,000 ಆಗಿ, ತಲೆಗೆ 47,600 ಬೀಳುತ್ತದೆ. ಅದು ನಮ್ಮ ಪಿಂಚಣಿಗೆ ಭಾರ. ಒಬ್ಬರೇ ಹೋಗುವವರಿಗೆ ಗುಂಪಿನ ಪ್ಯಾಕೇಜೇ ಗತಿ. ಹಾಗಿದ್ದರೂ ಶಿಮ್ಲಾ ಕಡೆಯಿಂದ ಹತ್ತಿಸುವವರನ್ನೇ ಹುಡುಕಿ. ಯಾವ ರಾತ್ರಿ ಯಾವ ಊರಲ್ಲಿ, ಆ ಊರು ಎಷ್ಟು ಎತ್ತರದಲ್ಲಿದೆ ಅಂತ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.

ಜುಲೈ ಬೇಡ. ಸ್ಪಿಟಿಯಲ್ಲಿ ಮಳೆ ಕಡಿಮೆಯಾದರೂ ಅಲ್ಲಿಗೆ ಹೋಗುವ ದಾರಿಗಳಲ್ಲಿ ಗುಡ್ಡ ಕುಸಿಯುತ್ತದೆ. 2023ರ ಜುಲೈನಲ್ಲಿ ಕುಂಜುಮ್ ಹತ್ತಿರದ ಚಂದ್ರತಾಲ ಸರೋವರದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಹಿಮ, ಮಳೆಗೆ ಸಿಕ್ಕಿ ದಿನಗಟ್ಟಲೆ ಕಾಯಬೇಕಾಯಿತು. ಸೆಪ್ಟೆಂಬರ್ ಒಳ್ಳೇದು, ಕಿನ್ನೌರಿನಲ್ಲಿ ಸೇಬು ಕೆಂಪಾಗಿರುತ್ತದೆ.

ನಾವು ಬೆಳಗ್ಗೆ ಐದಕ್ಕೆ ಏಳುವವರು, ಸಂಜೆ ಏಳಕ್ಕೆ ಊಟ ಮುಗಿಸುವವರು, ಒಂದು ಜಾಗದಲ್ಲಿ ಎರಡು ಗಂಟೆ ಸುಮ್ನೆ ಕೂರಲು ಇಷ್ಟಪಡುವವರು. ನಮಗೆ ಬಾಡಿಗೆ ಕಾರೇ ಸರಿ. ಲಾಂಗ್ಜಾದ ಮನೆಯಾಕೆ ಹೊರಡುವಾಗ ಅರ್ಧ ಕೆಜಿ ಸಾಂಪಾ ಕಟ್ಟಿಕೊಟ್ಟು, ಮುಂದಿನ ಸಲ ರಾಗಿ ಬೀಜ ತನ್ನಿ ಅಂದಿದ್ದಾರೆ. ಅಷ್ಟು ಎತ್ತರದಲ್ಲಿ ಅದು ಬೆಳೆಯುವುದು ಕಷ್ಟ. ಆದರೂ ಮಂಡ್ಯದಲ್ಲಿರುವ ನನ್ನ ಅಣ್ಣನಿಗೆ ಒಂದು ಸೇರು ಎತ್ತಿಡಲು ಹೇಳಿದ್ದೇನೆ.