ಮಾತ್ರೆ ಒಂದೇ ಸಾಕಾ, ಕಷಾಯವೂ ಬೇಕಾ?

ಡೊಂಬಿವಲಿಯ ನಮ್ಮ ಮನೆಗೆ ಮಳೆಯ ಜೊತೆ ಕೆಮ್ಮೂ ಬರುತ್ತದೆ. ಮೊನ್ನೆ ಅತ್ತೆ ಸ್ಟೀಲ್ ಲೋಟದಲ್ಲಿ ಅರಿಶಿನದ ಹಾಲು, ಅಂಗೈಯಲ್ಲಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಹಿಡಿದು ಬಂದರು. ಒಟ್ಟಿಗೆ ಬೇಡ ಅಂದೆ. ಹಾಲಿನ ಕ್ಯಾಲ್ಸಿಯಂ ಅಂಟಿಕೊಂಡರೆ ಆ ಮಾತ್ರೆ ರಕ್ತಕ್ಕೆ ಸೇರುವುದೇ ಕಡಿಮೆ.

ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಆಗಿದ್ದರೆ ಆ್ಯಂಟಿಬಯಾಟಿಕ್ಕೇ ಬೇಕು. ಕಷಾಯ ಗಂಟಲಿಗೆ ಹಿತ, ಅಷ್ಟೇ.

ಹಾಗಂತ ಗಿಡದ ಸತ್ವ ಸುಮ್ನೆ ಅಲ್ಲ. ಕರಿಮೆಣಸಿನ ಸತ್ವವಾದ ಪೈಪರಿನ್ ಇದ್ದರೆ ರಿಫಾಂಪಿಸಿನ್ ಎಂಬ ಕ್ಷಯದ ಆ್ಯಂಟಿಬಯಾಟಿಕ್ ರಕ್ತಕ್ಕೆ ಜಾಸ್ತಿ ಸೇರುತ್ತದೆ. 2009ರಲ್ಲಿ ಕ್ಷಯಕ್ಕೆಂದು ಬಂದ ರಿಸೋರಿನ್ ಎಂಬ ಔಷಧಿ ಅದನ್ನೇ ಬಳಸಿತು: 450 ಮಿ.ಗ್ರಾಂ ಬದಲು 200 ಮಿ.ಗ್ರಾಂ ರಿಫಾಂಪಿಸಿನ್, ಜೊತೆಗೆ 10 ಮಿ.ಗ್ರಾಂ ಪೈಪರಿನ್. ಅದು ಅಳೆದು ಬೆರೆಸಿದ್ದು. ನಮ್ಮ ಚಿಟಿಕೆ ಮೆಣಸಿಗೆ ಆ ಲೆಕ್ಕ ಎಲ್ಲಿದೆ? ಕಷಾಯ ಕುಡಿದೆವೆಂದು ಡೋಸ್ ಇಳಿಸಬೇಡಿ, ಡಾಕ್ಟರಿಗೆ ಕಷಾಯದ ವಿಷಯ ಹೇಳಿ.