ಜೋಹಾನ್ಸ್‌ಬರ್ಗ್‌ಗೆ ಹೋದರೆ ಕಾನ್‌ಸ್ಟಿಟ್ಯೂಷನ್ ಹಿಲ್ ಬಿಡಬೇಡಿ

ದಕ್ಷಿಣ ಆಫ್ರಿಕಾಗೆ ಹೋಗುವ ನಮ್ಮವರು ಕ್ರೂಗರ್ ಕಾಡಲ್ಲಿ ಸಿಂಹ ನೋಡಿ, ಕೇಪ್‌ಟೌನ್‌ನಲ್ಲಿ ಟೇಬಲ್ ಮೌಂಟನ್ ಹತ್ತಿ ವಾಪಸ್ ಬರುತ್ತಾರೆ. ಜೋಹಾನ್ಸ್‌ಬರ್ಗ್ ಅಂದರೆ ವಿಮಾನ ಬದಲಿಸುವ ಊರು, ಅಷ್ಟೇ. ನಮ್ಮ ಟ್ರಾವೆಲ್ಸ್‌ನವರೂ "ಅಲ್ಲೇನಿದೆ ಸಾರ್, ಹಳೇ ಜೈಲು" ಅಂತ ಪಟ್ಟಿಯಿಂದ ತೆಗೆದುಬಿಟ್ಟಿದ್ದರು. ನಾನು ಹಟ ಹಿಡಿದು ಒಂದು ದಿನ ಉಳಿಸಿಕೊಂಡೆ. ಇಡೀ ಪ್ರವಾಸದಲ್ಲಿ ಇವತ್ತಿಗೂ ಕಣ್ಣ ಮುಂದೆ ಬರುವುದು ಆ ಒಂದು ದಿನವೇ.

ಜಾಗ ಏನು ಅಂದರೆ, ಒಂದು ಗುಡ್ಡ. ಅದರ ಮೇಲೆ 1890ರ ದಶಕದ ಕೋಟೆ-ಜೈಲು, ಕಪ್ಪು ಗಂಡಸರನ್ನು ತುಂಬುತ್ತಿದ್ದ 'ನಂಬರ್ ಫೋರ್', ಹೆಂಗಸರ ಜೈಲು. ಇವೆಲ್ಲದರ ಮಧ್ಯೆ ದೇಶದ ಸಂವಿಧಾನ ಕೋರ್ಟು, ಅಂದರೆ ಸಂವಿಧಾನದ ವಿಷಯದಲ್ಲಿ ಕೊನೆಯ ತೀರ್ಪು ಕೊಡುವ ಕೋರ್ಟು. 1908ರಲ್ಲಿ ಗಾಂಧೀಜಿ ಇಲ್ಲಿ ಕೈದಿಯಾಗಿದ್ದರು, 1962ರಲ್ಲಿ ಮಂಡೇಲಾ. ಇಬ್ಬರೂ ವಕೀಲರು, ಅಲ್ವಾ? ಆದರೆ ನಾನು ಹೋಗಿದ್ದು ಮೂರನೇ ವಕೀಲರೊಬ್ಬರಿಗಾಗಿ. ಅವರ ಹೆಸರು ಆಲ್ಬಿ ಸ್ಯಾಕ್ಸ್. ಈ ಗುಡ್ಡದಲ್ಲಿ ಅವರು ಕೈದಿಯಾಗಿರಲಿಲ್ಲ, ಜಡ್ಜ್ ಆಗಿದ್ದರು.

ಅವರ ಕಥೆ ಸ್ವಲ್ಪ ತಿಳಿದುಕೊಂಡು ಹೋದರೆ ಈ ಕಟ್ಟಡ ಬೇರೆಯೇ ಥರ ಕಾಣುತ್ತದೆ. ಹುಟ್ಟಿದ್ದು 1935ರಲ್ಲಿ, ಬಿಳಿಯರ ಮನೆಯಲ್ಲಿ. 17ನೇ ವಯಸ್ಸಿಗೆ ಪ್ರತಿಭಟನೆಗಾಗಿ ಪೋಸ್ಟ್ ಆಫೀಸಿನಲ್ಲಿ ಬಿಳಿಯರಲ್ಲದವರ ಬೆಂಚಿನ ಮೇಲೆ ಹೋಗಿ ಕೂತ ಹುಡುಗ. 21ಕ್ಕೆ ಕೇಪ್‌ಟೌನ್‌ನಲ್ಲಿ ವಕೀಲಿ ಶುರು ಮಾಡಿದರು. ಅವರ ಹತ್ತಿರ ಬರುತ್ತಿದ್ದವರು ಹೆಚ್ಚಾಗಿ ವರ್ಣಭೇದದ ಕಾನೂನುಗಳಲ್ಲಿ ಸಿಕ್ಕಿಬಿದ್ದವರು, ಎಷ್ಟೋ ಜನರ ತಲೆ ಮೇಲೆ ಗಲ್ಲು ಶಿಕ್ಷೆ ತೂಗುತ್ತಿತ್ತು. 1963ರಲ್ಲಿ ಅವರನ್ನೇ ವಿಚಾರಣೆ ಇಲ್ಲದೆ 168 ದಿನ ಒಂಟಿ ಕೋಣೆಯಲ್ಲಿ ಇಟ್ಟರು. ಆಮೇಲೆ ದೇಶ ಬಿಟ್ಟು ಇಂಗ್ಲೆಂಡ್, ಅಲ್ಲಿಂದ ಮೊಜಾಂಬಿಕ್. 1988ರ ಏಪ್ರಿಲ್‌ನಲ್ಲಿ ಅಲ್ಲಿನ ರಾಜಧಾನಿ ಮಾಪುಟೋದಲ್ಲಿ ಅವರ ಕಾರಿಗೆ ಬಾಂಬ್ ಇಟ್ಟರು. ಬಲಗೈ ಹೋಯಿತು, ಒಂದು ಕಣ್ಣಿನ ದೃಷ್ಟಿ ಹೋಯಿತು. ಎಡಗೈಯಲ್ಲಿ ಬರೆಯುವುದನ್ನು ಹೊಸದಾಗಿ ಕಲಿತರು. ಆರೇ ವರ್ಷಕ್ಕೆ, 1994ರಲ್ಲಿ, ಅಧ್ಯಕ್ಷ ಮಂಡೇಲಾ ಸ್ಯಾಕ್ಸ್ ಅವರನ್ನು ಹೊಸ ಸಂವಿಧಾನ ಕೋರ್ಟಿನ ಜಡ್ಜ್ ಆಗಿ ನೇಮಿಸಿದರು. ಆ ಕೋರ್ಟು ಕೈಗೆತ್ತಿಕೊಂಡ ಮೊದಲ ಕೇಸೇ ಗಲ್ಲು ಶಿಕ್ಷೆಯದ್ದು. 1995ರ ಜೂನ್‌ನಲ್ಲಿ 11 ಜಡ್ಜ್‌ಗಳೂ ಒಂದೇ ಮಾತಿನಿಂದ ಅದನ್ನು ತೆಗೆದುಹಾಕಿದರು. ಗಲ್ಲಿನ ಭಯದಲ್ಲಿದ್ದ ಕಕ್ಷಿದಾರರ ಪಕ್ಕ ನಿಂತಿದ್ದ ಆ ಯುವ ವಕೀಲನಿಗೆ ಅವತ್ತು ಹೇಗಾಗಿರಬೇಡ!

ಟೂರ್ ಬಗ್ಗೆ ಹೇಳುತ್ತೇನೆ. ಗೈಡ್ ಜೊತೆಗಿನದ್ದನ್ನೇ ತೆಗೆದುಕೊಳ್ಳಿ, ಅದರಲ್ಲೂ ದೊಡ್ಡ ಟೂರು. ಸುಮ್ನೆ ಒಬ್ಬರೇ ಸುತ್ತಿದರೆ ಬರೀ ಗೋಡೆ ಕಾಣುತ್ತದೆ. ನಮ್ಮ ಗೈಡ್ ಒಬ್ಬ ಯುವತಿ, ಒಂದು ಪ್ರಶ್ನೆಗೂ ಬೇಸರ ಪಡಲಿಲ್ಲ. ನಂಬರ್ ಫೋರ್‌ನಲ್ಲಿ ಕೈದಿಗಳ ಊಟದ ಲೆಕ್ಕ ಹಾಕಿದ್ದಾರೆ ನೋಡಿ, ಯಾವ ಬಣ್ಣದವನಿಗೆ ಎಷ್ಟು, ಏನು ಅಂತ. ಜೈಲಿನೊಳಗೂ ತಟ್ಟೆಯಲ್ಲಿ ಭೇದ. ಅದರ ಮುಂದೆ ನಾನು ತುಂಬಾ ಹೊತ್ತು ನಿಂತುಬಿಟ್ಟೆ. ಪಂಕ್ತಿಭೇದ ಕಂಡ ದೇಶದಿಂದ ಹೋದವರಿಗೆ ಅದು ಅರ್ಥವಾಗಲು ಗೈಡ್ ಬೇಕಿಲ್ಲ. ತೀರಾ ಚಿಕ್ಕ ಮಕ್ಕಳಿದ್ದರೆ ಒಂಟಿ ಕೋಣೆಗಳ ಕಡೆ ಕರೆದುಕೊಂಡು ಹೋಗಬೇಡಿ.

ಆಮೇಲೆ ಕೋರ್ಟು. ವಿಚಾರಣಾ ಕೈದಿಗಳನ್ನು ಇಡುತ್ತಿದ್ದ ಕಟ್ಟಡವನ್ನು ಕೆಡವಿ, ಅದರ ಇಟ್ಟಿಗೆಯನ್ನೇ ಹೊಸ ಕೋರ್ಟಿಗೆ ಬಳಸಿದ್ದಾರೆ. ಹಳೆಯ ನಾಲ್ಕು ಮೆಟ್ಟಿಲು ಗೋಪುರಗಳನ್ನು ಹಾಗೇ ಬಿಟ್ಟಿದ್ದಾರೆ. 2004ರಲ್ಲಿ ಕಟ್ಟಡ ಉದ್ಘಾಟನೆ ಆಯಿತು. ದೊಡ್ಡ ಮರದ ಬಾಗಿಲ ಮೇಲೆ ಸಂವಿಧಾನದ 27 ಹಕ್ಕುಗಳನ್ನು ಕೆತ್ತಿದ್ದಾರೆ. ನ್ಯಾಯಪೀಠದ ಮುಂಭಾಗಕ್ಕೆ ಹಸುವಿನ ಚರ್ಮ ಹೊದಿಸಿದ್ದಾರೆ. ಒಂದರ ಮಚ್ಚೆ ಇನ್ನೊಂದರಂತಿಲ್ಲ.

ಒಳಗಿರುವ ಚಿತ್ರ, ಶಿಲ್ಪಗಳ ಸಂಗ್ರಹ ಶುರುವಾಗಿದ್ದು ಸ್ಯಾಕ್ಸ್ ಅವರಿಂದ. ಕೋರ್ಟಿನ ಅಲಂಕಾರಕ್ಕೆ ಅಂತ ಸಿಕ್ಕಿದ್ದು 10,000 ರ‍್ಯಾಂಡ್. ಅವರು ಅಷ್ಟನ್ನೂ ಜೋಸೆಫ್ ಎನ್‌ಡ್ಲೋವು ನೇಯ್ದ ಒಂದೇ ಒಂದು ಗೋಡೆ-ಬಟ್ಟೆಗೆ ಕೊಟ್ಟುಬಿಟ್ಟರು! ಈ ಸಂಗ್ರಹದಲ್ಲಿ ಜುಡಿತ್ ಮೇಸನ್ ಅವರು ನೀಲಿ ಪ್ಲಾಸ್ಟಿಕ್ ಚೀಲಗಳಿಂದ ಮಾಡಿದ ಒಂದು ಉಡುಪಿದೆ. ಪೊಲೀಸರು ಬೆತ್ತಲೆ ಮಾಡಿ ಕೂಡಿಹಾಕಿದ್ದ ಫಿಲಾ ಎನ್‌ಡ್ವಾಂಡ್ವೆ ಎಂಬ ಹೋರಾಟಗಾರ್ತಿ ಒಂದು ಪ್ಲಾಸ್ಟಿಕ್ ಚೀಲದಿಂದ ಮಾನ ಮುಚ್ಚಿಕೊಂಡಿದ್ದರು, ಆಮೇಲೆ ಅವರನ್ನು ಕೊಂದರು. ಅವರ ನೆನಪಿಗೆ ಈ ಉಡುಪು. ದಯವಿಟ್ಟು ಅದರ ಮುಂದೆ ಸೆಲ್ಫಿ ಬೇಡ.

ನನ್ನನ್ನು ಜಾಸ್ತಿ ಕಾಡಿದ್ದು ಹೆಂಗಸರ ಜೈಲು. ಅದನ್ನು ನೋಡುವಾಗ 2007ರಲ್ಲಿ ಸ್ಯಾಕ್ಸ್ ಬರೆದ ಒಂದು ತೀರ್ಪು ನೆನಪಾಯಿತು. ಮೂರು ಮಕ್ಕಳ ಒಂಟಿ ತಾಯಿ, ಕ್ರೆಡಿಟ್ ಕಾರ್ಡ್ ವಂಚನೆ ಮಾಡಿದ್ದರು. ತಪ್ಪು ಮಾಡಿದ್ದು ನಿಜ. ಆದರೆ ಅವಳನ್ನು ಜೈಲಿಗೆ ಕಳಿಸುವ ಮುಂಚೆ ಆ ಮಕ್ಕಳ ಗತಿ ಏನು ಅಂತ ಕೋರ್ಟು ಯೋಚಿಸಲೇಬೇಕು, ಮಕ್ಕಳು ತಾಯಿಯ ಬಾಲವಲ್ಲ, ಅವರಿಗೂ ತಮ್ಮದೇ ಹಕ್ಕಿದೆ ಎಂಬುದು ಆ ತೀರ್ಪಿನ ತಿರುಳು. ಅವಳು ಮಕ್ಕಳ ಜೊತೆಯೇ ಉಳಿದಳು. 2005ರಲ್ಲಿ ಒಂದೇ ಲಿಂಗದವರ ಮದುವೆಗೆ ಬಾಗಿಲು ತೆರೆದ ತೀರ್ಪು ಬರೆದದ್ದೂ ಅವರೇ, ಜಗತ್ತಿಗೆ ಗೊತ್ತಿರುವುದು ಅದೇ. ನನಗೆ ಮಾತ್ರ ಈ ತಾಯಿಯ ಕೇಸೇ ದೊಡ್ಡದು. ಒಂಟಿ ಕೋಣೆಯಲ್ಲಿ ಕೂತು ಬಂದವರಿಗೆ ಜೈಲು ಅಂದರೆ ಏನು ಅಂತ ಗೊತ್ತಿರುತ್ತದೆ.

ಇನ್ನು ಕೆಲವು ವ್ಯವಹಾರದ ಮಾತು. ನಗರದ ಸ್ಯಾಂಡ್‌ಟನ್ ಬಡಾವಣೆ ಕಡೆ ಉಳಿದಿದ್ದರೆ ಗಾವ್‌ಟ್ರೇನ್ ಅನ್ನುವ ರೈಲಿನಲ್ಲಿ ಪಾರ್ಕ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಕ್ಯಾಬ್ ಹಿಡಿಯಿರಿ. ನಡೆಯುವುದು ಜಾಸ್ತಿ, ಮೆಟ್ಟಿಲೂ ಇವೆ, ಬಿಸಿಲಿಗೆ ಟೋಪಿ ಇರಲಿ. ಅರ್ಧ ದಿನ ಬೇಕೇ ಬೇಕು. ಕೋರ್ಟು ಕೂಡುವ ದಿನ ಸಿಕ್ಕಿದರೆ ಯಾರು ಬೇಕಾದರೂ ಒಳಗೆ ಕೂತು ವಾದ ಕೇಳಬಹುದು, ದುಡ್ಡು ಕೊಡಬೇಕಿಲ್ಲ. ಹಾಗೆ ಕೂತಾಗ ಗೋಡೆಯ ಉದ್ದಕ್ಕಿರುವ ಕಿರಿದಾದ ಕಿಟಕಿ ಕಡೆ ಕಣ್ಣು ಹಾಯಿಸಿ. ಹೊರಗೆ ನಡೆದು ಹೋಗುವವರ ಕಾಲುಗಳು ಮಾತ್ರ ಕಾಣುತ್ತವೆ.