ಕೇರ್ ಹೋಮ್ ಆ್ಯಪ್: ನಮ್ಮ ಹಿರಿಯರ ಮಾಹಿತಿ ಯಾರ್ಯಾರ ಕೈ ಸೇರುತ್ತದೆ?

ಕೇರ್ ಹೋಮ್‌ನಲ್ಲಿ ದಾಖಲೆ, ಔಷಧಿ ಚಾರ್ಟ್, ಪಾಳಿ ಹಂಚಿಕೆ ನೋಡಿಕೊಳ್ಳುವುದು ನನ್ನ ಕೆಲಸ. ಕಾಗದದ ಫೈಲ್ ಬಿಟ್ಟು ಈ ಆ್ಯಪ್‌ಗೆ ಬಂದು ಕೆಲವು ವರ್ಷಗಳಾದವು. ಬಳಸೋಕೆ ಸುಲಭ, ಯಾವ ಮಾತ್ರೆಯೂ ತಪ್ಪಿಹೋಗುವುದಿಲ್ಲ, ಪಾಳಿ ಬದಲಾದಾಗ ವಿಷಯ ಸರಿಯಾಗಿ ದಾಟುತ್ತದೆ. ಆ ಬಗ್ಗೆ ದೂರಿಲ್ಲ. ನಾನು ಬರೆಯಬೇಕೆಂದಿರುವುದು ಬೇರೆ. ನಾವು ತುಂಬುವ ಮಾಹಿತಿಯನ್ನು ಈ ಕಂಪನಿ ಮತ್ತೆ ಯಾರಿಗೆ ಕೊಡುತ್ತದೆ, ಅದನ್ನು ನಮಗೆ ಹೇಗೆ ತಿಳಿಸುತ್ತದೆ ಅನ್ನುವುದು.

ಆ್ಯಪ್ ಮೇಲೆ ಹೆಸರು ಒಬ್ಬರದೇ ಇದ್ದರೂ ಹಿಂದೆ ಕೆಲಸ ಮಾಡುವ ಕಂಪನಿಗಳು ಹಲವು. ಮಾಹಿತಿ ಇಡುವ ಕ್ಲೌಡ್ ಒಬ್ಬರದು, ಮನೆಯವರಿಗೆ ಎಸ್‌ಎಂಎಸ್ ಕಳಿಸುವವರು ಇನ್ನೊಬ್ಬರು, ಹಾಸಿಗೆಯ ಸೆನ್ಸರ್ ಮತ್ತೊಬ್ಬರದು. ಆ್ಯಪ್ ನಿಂತುಹೋದಾಗ ದೋಷದ ವರದಿ ಹೋಗುವುದು ಇನ್ನೆಲ್ಲಿಗೋ. ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನಿನ 28ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೇರ್ ಹೋಮ್‌ನ ಲಿಖಿತ ಒಪ್ಪಿಗೆ ಇಲ್ಲದೆ ಸಾಫ್ಟ್‌ವೇರ್ ಕಂಪನಿ ಈ ಕೆಲಸಕ್ಕೆ ಇನ್ನೊಬ್ಬರನ್ನು ಹಚ್ಚುವಂತಿಲ್ಲ. ಒಟ್ಟಾರೆ ಒಪ್ಪಿಗೆ ಕೊಟ್ಟಿದ್ದರೂ, ಹೊಸಬರನ್ನು ಸೇರಿಸುವಾಗ ಮೊದಲೇ ತಿಳಿಸಿ, ಬೇಡ ಅನ್ನಲು ಅವಕಾಶ ಕೊಡಬೇಕು. ಆ ಇನ್ನೊಬ್ಬರು ಎಡವಿದರೂ ಕೇರ್ ಹೋಮ್‌ಗೆ ಉತ್ತರ ಹೇಳಬೇಕಾದದ್ದು ಮೊದಲ ಕಂಪನಿಯೇ.

ಇದೆಲ್ಲ ಸುಮ್ನೆ ಕಾಗದದ ಮಾತಲ್ಲ. 2022ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಆರೋಗ್ಯ ಮತ್ತು ಆರೈಕೆ ಕ್ಷೇತ್ರಕ್ಕೆ ಸಾಫ್ಟ್‌ವೇರ್ ಕೊಡುತ್ತಿದ್ದ ಅಡ್ವಾನ್ಸ್‌ಡ್ ಕಂಪನಿಯ ಮೇಲೆ, ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿ ನಡೆಯಿತು. ದಾಳಿಕೋರರು ಒಳಗೆ ಬಂದದ್ದು ಒಬ್ಬ ಗ್ರಾಹಕರ ಖಾತೆಯಿಂದ. ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ರಕ್ಷಣೆ ಆ ಖಾತೆಗೆ ಇರಲಿಲ್ಲ. 79,404 ಜನರ ಮಾಹಿತಿ ಕಳುವಾಯಿತು. ಅದರಲ್ಲಿ, ಮನೆಯಲ್ಲೇ ಆರೈಕೆ ಪಡೆಯುತ್ತಿದ್ದ 890 ಜನರ ಮನೆಯೊಳಗೆ ಹೋಗುವುದು ಹೇಗೆ ಅನ್ನುವ ವಿವರವೂ ಇತ್ತು. ಹಾಸಿಗೆ ಹಿಡಿದಿರುವ ಒಬ್ಬಜ್ಜಿಯ ಮನೆ ಬಾಗಿಲು ತೆಗೆಯುವ ದಾರಿ ಯಾರೋ ಅಪರಿಚಿತರ ಕೈಯಲ್ಲಿ! 2025ರ ಮಾರ್ಚ್‌ನಲ್ಲಿ ಆ ಕಂಪನಿಗೆ 30.7 ಲಕ್ಷ ಪೌಂಡ್ ದಂಡ ಬಿತ್ತು.

ಈಗ ನಮ್ಮ ಆ್ಯಪ್ ವಿಷಯ. ಒಳ್ಳೆಯದನ್ನೇ ಮೊದಲು ಹೇಳುತ್ತೇನೆ. ಹೊರಗಿನ ಕಂಪನಿಗಳ ಪಟ್ಟಿ ಇವರ ಹತ್ತಿರ ಇದೆ. ಕೇಳಿದರೆ ತಡಮಾಡದೆ ಕಳಿಸುತ್ತಾರೆ. ಯಾರು, ಯಾವ ದೇಶದಲ್ಲಿ, ಯಾವ ಕೆಲಸಕ್ಕೆ ಅನ್ನುವುದು ಅದರಲ್ಲಿದೆ. ಇಷ್ಟನ್ನೂ ಕೊಡದವರನ್ನು ನೋಡಿದ್ದೇನೆ, ಹಾಗಾಗಿ ಇದಕ್ಕೆ ಬೆಲೆ ಕೊಡುತ್ತೇನೆ.

ಆದರೆ ಪಟ್ಟಿಯಲ್ಲಿ ಒಂದು ಸಾಲು ಕಡಿಮೆ. ಯಾವ ಕಂಪನಿಗೆ ಎಷ್ಟು ಮಾಹಿತಿ ಹೋಗುತ್ತದೆ ಅನ್ನುವುದೇ ಇಲ್ಲ. ಮೊಬೈಲಿಗೆ ಬರುವ ಅಲರ್ಟ್ ನೋಡಿ. ಅದು ಗೂಗಲ್ ಅಥವಾ ಆ್ಯಪಲ್‌ನ ಸರ್ವರ್ ಹಾದು ಬರುತ್ತದೆ. ಮೊದಲೆಲ್ಲ ಅಲರ್ಟ್‌ನಲ್ಲೇ ಹಿರಿಯರ ಪೂರ್ತಿ ಹೆಸರು, ರೂಮ್ ನಂಬರ್, 'ಶೌಚಾಲಯದಲ್ಲಿ ಬಿದ್ದಿದ್ದಾರೆ' ಅನ್ನುವುದು ಎಲ್ಲ ಇರುತ್ತಿತ್ತು. ಮೊಬೈಲ್ ಲಾಕ್ ಆಗಿದ್ದರೂ ಮೇಜಿನ ಮೇಲೆ ಯಾರು ಬೇಕಾದರೂ ಓದಬಹುದಿತ್ತು. ನಾವು ಬರೆದು ಕೇಳಿದ ಮೇಲೆ ಬದಲಾಯಿಸಿದರು. ಈಗ 'ತುರ್ತು ಅಲರ್ಟ್, ಆ್ಯಪ್ ತೆರೆಯಿರಿ' ಅಂತ ಮಾತ್ರ ಬರುತ್ತದೆ. ಉಳಿದದ್ದು ಲಾಗಿನ್ ಆದ ಮೇಲೆ. ಇಷ್ಟು ಚಿಕ್ಕ ಬದಲಾವಣೆಯಿಂದ ಎಷ್ಟು ಮರ್ಯಾದೆ ಉಳಿಯಿತು!

ಹೆಲ್ಪ್‌ಡೆಸ್ಕ್ ಕಥೆ ಇನ್ನೂ ಮುಗಿದಿಲ್ಲ. ಆ್ಯಪ್‌ನೊಳಗೆ 'ಸಮಸ್ಯೆ ತಿಳಿಸಿ' ಒತ್ತಿದರೆ ತಾನಾಗಿಯೇ ಸ್ಕ್ರೀನ್‌ಶಾಟ್ ತೆಗೆದು ಜೋಡಿಸುತ್ತದೆ. ತೆರೆದಿದ್ದದ್ದು ಔಷಧಿ ಚಾರ್ಟ್ ಆಗಿದ್ದರೆ ಹೆಸರು, ಕಾಯಿಲೆ, ಮಾತ್ರೆ ಎಲ್ಲವೂ ಹೊರಗಿನ ಹೆಲ್ಪ್‌ಡೆಸ್ಕ್ ಕಂಪನಿಯ ಸರ್ವರ್‌ಗೆ ಹೋಯಿತು ಅಂತಲೇ ಲೆಕ್ಕ. ಚಿತ್ರ ಮಸುಕು ಮಾಡುವ ವ್ಯವಸ್ಥೆ ಬರುತ್ತದೆ ಅಂದಿದ್ದಾರೆ. ಅಲ್ಲಿಯವರೆಗೆ ನಮ್ಮ ಸಿಬ್ಬಂದಿ ಮುಖಪುಟಕ್ಕೆ ಹೋಗಿ ಆಮೇಲೆ ಆ ಬಟನ್ ಒತ್ತುತ್ತಾರೆ. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಇದನ್ನೂ ನೆನಪಿಟ್ಟುಕೊಳ್ಳಿ ಅನ್ನುವುದು ಸರಿಯಲ್ಲ, ಅಲ್ವಾ?

ನನಗೆ ಸಿಟ್ಟು ಬಂದದ್ದು ಧ್ವನಿ ಟಿಪ್ಪಣಿ ವಿಷಯದಲ್ಲಿ. ಮಾತಾಡಿದರೆ ಅಕ್ಷರಕ್ಕಿಳಿಸುವ ಎಐ ಸೌಲಭ್ಯ ಒಂದು ಅಪ್‌ಡೇಟ್ ಜೊತೆ ಬಂತು. ಅದನ್ನು ನಡೆಸುವುದು ಹೊರಗಿನ ಕಂಪನಿ. ಸೂಚನೆ ಬಂದಿತ್ತು ನಿಜ, ಆದರೆ 'ಹೊಸ ಸೌಲಭ್ಯಗಳು' ಅನ್ನುವ ಇಮೇಲ್‌ನ ಕೊನೆಯಲ್ಲಿ ಒಂದು ಸಾಲು. ಸೌಲಭ್ಯ ಆನ್ ಆಗಿಯೇ ಬಂದಿತ್ತು. ಆಡಿಯೊ ಎಷ್ಟು ದಿನ ಇಡುತ್ತಾರೆ, ಅದರಿಂದ ಎಐ ಮಾಡೆಲ್‌ಗೆ ತರಬೇತಿ ಕೊಡುತ್ತಾರಾ ಅಂತ ಬರೆದು ಕೇಳಿದೆವು. ತರಬೇತಿಗೆ ಬಳಸುವುದಿಲ್ಲ ಎಂದು ಲಿಖಿತವಾಗಿ ಕೊಟ್ಟರು. ಎಷ್ಟು ದಿನ ಅನ್ನುವುದಕ್ಕೆ ಉತ್ತರ ಬರುವವರೆಗೆ ನಾವು ಅದನ್ನು ಆಫ್ ಮಾಡಿಸಿದೆವು. ಈ ಹಿರಿಯರಲ್ಲಿ ಹಲವರಿಗೆ ಮರೆವಿನ ಕಾಯಿಲೆ. ತಮ್ಮ ಬಗ್ಗೆ ಆಡಿದ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವರು ಕೇಳಲಾರರು. ಅವರ ಪರವಾಗಿ ಕೇಳಬೇಕಾದವರು ನಾವೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೇಳಿದರೆ ಸರಿಪಡಿಸುತ್ತಾರೆ, ಆದರೆ ಕೇಳುವವರೆಗೆ ಕಾಯುತ್ತಾರೆ. ಕೊಳ್ಳುವ ಯೋಚನೆ ಇದ್ದರೆ ಡೆಮೊ ದಿನವೇ ಈ ಪಟ್ಟಿ ಕೇಳಿ, ಪ್ರತಿ ಹೆಸರಿನ ಪಕ್ಕ 'ಇವರಿಗೆ ಏನೇನು ಹೋಗುತ್ತದೆ' ಎಂದು ಬರೆಸಿಕೊಳ್ಳಿ. ಒಪ್ಪಂದ ಮುಗಿದ ಮೇಲೆ ಮಾಹಿತಿಯನ್ನು ಅಳಿಸುವ ಮಾತು ಬಂದಾಗ, ಬ್ಯಾಕಪ್‌ನಿಂದಲೂ, ಹೊರಗಿನ ಕಂಪನಿಗಳಿಂದಲೂ ಯಾವಾಗ ಅಳಿಸುತ್ತಾರೆ ಎಂದು ದಿನಾಂಕ ಹಾಕಿಸಿಕೊಂಡೇ ಸಹಿ ಮಾಡಿ.